ಲೈನಿನ ತುದಿಯ ಮನೆ ಮತ್ತು ವಿದ್ಯುತ್ ವಾಹನ



ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲ್ಲೂಕುಗಳಿಗೆ ಇವತ್ತಿಗೂ ರೈಲಿಲ್ಲ. ತಾಳಗುಪ್ಪದವರೆಗೆ ಬಂದ ರೈಲು ಸಿದ್ದಾಪುರದ ಹೊಸ್ತಿಲಲ್ಲೇ ನಿಂತಿದೆ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಯಲ್ಲಾಪುರವನ್ನು ಇನ್ನೂ ಮುಟ್ಟಿಲ್ಲ. ಅಡಿಕೆ ಮಾರುಕಟ್ಟೆಗೆ ಹೋಗಬೇಕಾದರೂ, ಮಕ್ಕಳು ಕಾಲೇಜಿಗೆ ಹೋಗಬೇಕಾದರೂ, ಹೆಚ್ಚಿನ ಚಿಕಿತ್ಸೆಗೆಂದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕಾದರೂ ನಮಗಿರುವುದು ರಸ್ತೆ ಒಂದೇ. ಹಾಗಾಗಿ ಗಾಡಿ ಯಾವುದರಿಂದ ಓಡುತ್ತದೆ ಎಂಬ ಪ್ರಶ್ನೆ ಇಲ್ಲಿ ಮನೆಮನೆಯ ಪ್ರಶ್ನೆ. ವಿದ್ಯುತ್ ವಿತರಣೆಯ ಕೆಲಸದಲ್ಲೇ ಆಯುಷ್ಯ ಸವೆಸಿದವನಾಗಿ ಅದನ್ನು ನಾನು ಕಂಬದ ಕಡೆಯಿಂದ ನೋಡುತ್ತೇನೆ.

ಕರ್ನಾಟಕಕ್ಕೆ ಈ ವಾಹನ ಹೊಸದೇನಲ್ಲ. ರೇವಾ ಎಂಬ ಪುಟ್ಟ ಕಾರು 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದಿತ್ತು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ಹೊರಡಿಸಿದ್ದು ನಮ್ಮ ರಾಜ್ಯ. ಆದರೆ ಅವೆಲ್ಲ ಬೆಂಗಳೂರನ್ನು ಕಣ್ಣಮುಂದೆ ಇಟ್ಟುಕೊಂಡು ನಡೆದ ಚರ್ಚೆಗಳು. ಒಂಟಿಮನೆಗಳ, ಕಾಡಿನ ನಡುವೆ ಹಾದುಹೋಗುವ ಲೈನುಗಳ, ನಾಲ್ಕು ತಿಂಗಳ ಮಳೆಯ ಈ ಸೀಮೆಗೆ ಅದೇ ಲೆಕ್ಕ ಹೊಂದುವುದಿಲ್ಲ.

ಮೊದಲು ಯೂನಿಟ್ಟಿನ ಲೆಕ್ಕ. ಸ್ಕೂಟರಿನ ಬ್ಯಾಟರಿ ಸಾಮಾನ್ಯವಾಗಿ 2ರಿಂದ 4 ಯೂನಿಟ್ ಹಿಡಿಯುತ್ತದೆ, ಒಂದು ಯೂನಿಟ್ಟಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ಕಾರಿನ ಬ್ಯಾಟರಿ 20ರಿಂದ 50 ಯೂನಿಟ್ಟಿನದು, ಸಣ್ಣ ಕಾರು ಯೂನಿಟ್ಟಿಗೆ 6–7 ಕಿಲೋಮೀಟರ್ ಕೊಡುತ್ತದೆ. ದಿನಕ್ಕೆ 40 ಕಿಲೋಮೀಟರ್ ಓಡಾಡುವ ಕಾರಿಗೆ ಚಾರ್ಜ್ ಮಾಡುವಾಗಿನ ನಷ್ಟವೂ ಸೇರಿ 7 ಯೂನಿಟ್ ಸಾಕು. ಕೊಡಸಳ್ಳಿಯಲ್ಲಿ 120 ಮೆಗಾವಾಟ್, ಪಕ್ಕದ ಕೈಗಾದಲ್ಲಿ 880 ಮೆಗಾವಾಟ್, ಶರಾವತಿಯಲ್ಲಿ 1,035 ಮೆಗಾವಾಟ್ ಸ್ಥಾಪಿತ ಸಾಮರ್ಥ್ಯವಿರುವ ನಾಡಿಗೆ ನಮ್ಮ ಮೂರು ತಾಲ್ಲೂಕುಗಳ ಗಾಡಿಗಳು ಹೊರೆಯಾಗಲಾರವು. ಉತ್ಪಾದನೆಯ ಚಿಂತೆಯನ್ನು ಇಲ್ಲಿಗೇ ಬಿಡುತ್ತೇನೆ. ತೊಂದರೆ ಶುರುವಾಗುವುದು ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಈಚೆಗೆ, ಕೊನೆಯ ಅರ್ಧ ಕಿಲೋಮೀಟರಿನಲ್ಲಿ.

ಕಾರಿನ ಜೊತೆಗೇ ಬರುವ ಚಾರ್ಜರನ್ನು 15 ಆಂಪಿಯರಿನ ಪ್ಲಗ್ಗಿಗೆ ಹಾಕಿದರೆ ಅದು ಹೆಚ್ಚೆಂದರೆ 3.3 ಕಿಲೋವಾಟ್ ಎಳೆಯುತ್ತದೆ. ತೋಟಕ್ಕೆ ನೀರು ಹಾಯಿಸುವ 5 ಎಚ್‌ಪಿ ಪಂಪ್‌ಸೆಟ್ಟೇ 3.7 ಕಿಲೋವಾಟ್. ಗೋಡೆಗೆ ಕೂರಿಸುವ 7.2 ಕಿಲೋವಾಟಿನ ಚಾರ್ಜರು ಹತ್ತು ಎಚ್‌ಪಿ ಮೋಟರಿಗೆ ಹತ್ತಿರ. ಈ ಗಾತ್ರದ ಲೋಡನ್ನು ನಮ್ಮ ಪವರ್‌ಮನ್‌ಗಳು ದಶಕಗಳಿಂದ ನಿಭಾಯಿಸಿದ್ದಾರೆ. ವ್ಯತ್ಯಾಸ ಎರಡು. ಪಂಪು ಸಾಮಾನ್ಯವಾಗಿ ಮೂರು ಫೇಸಿನದು, ಕಾರು ಮನೆಯ ಒಂದೇ ಫೇಸಿನ ಮೇಲೆ ಕೂರುತ್ತದೆ. ಪಂಪು ಓಡುವುದು ಬೇಸಿಗೆಯಲ್ಲಿ, ಕಾರು ವರ್ಷವಿಡೀ, ಅದೂ ಬಹುತೇಕ ಸಂಜೆ ಏಳಕ್ಕೆ, ಮನೆಗೆ ಬಂದು ಕೀಲಿ ತೆಗೆದ ಕೂಡಲೇ.

ಒಂದು ಕೇರಿಯನ್ನು ಕಣ್ಣಮುಂದೆ ತಂದುಕೊಳ್ಳಿ. 25 ಕೆವಿಎ ಟಿಸಿ, ಅಲ್ಲಿಂದ ಗದ್ದೆ ದಾಟಿ, ಸೊಪ್ಪಿನ ಬೆಟ್ಟ ಹಾದು ಅರ್ಧ ಕಿಲೋಮೀಟರ್ ದೂರದ ಮನೆಗೆ ವೀಸಲ್ ತಂತಿಯ ಸಿಂಗಲ್ ಫೇಸ್ ಲೈನು. ಈ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ಮರಳುವ ಕರೆಂಟಿಗೆ ಒಟ್ಟು ಒಂದು ಕಿಲೋಮೀಟರ್ ದಾರಿ. 3.3 ಕಿಲೋವಾಟಿಗೆ 14 ಆಂಪಿಯರ್ ಎಂದರೆ ಸುಮಾರು 13 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. 7.2 ಕಿಲೋವಾಟಿನ ಚಾರ್ಜರಾದರೆ 32 ಆಂಪಿಯರ್, ಕಳೆದುಹೋಗುವುದು 29 ವೋಲ್ಟ್. ನಿಯಮದ ಪ್ರಕಾರ ಮನೆಯ ಮೀಟರಿನಲ್ಲಿ 230ಕ್ಕಿಂತ ಶೇಕಡಾ 6 ಮಾತ್ರ ಕಡಿಮೆ ಇರಬಹುದು, ಅಂದರೆ 216. ಸಂಜೆ ಮೊದಲೇ 205 ತೋರಿಸುವ ತುದಿಮನೆಗೆ ಕಾರು ಬಂದರೆ ಅದು 192ಕ್ಕೆ ಇಳಿಯುತ್ತದೆ. ಕಾರು ನಿಧಾನವಾಗಿಯಾದರೂ ಚಾರ್ಜ್ ಆಗುತ್ತದೆ. ಕಷ್ಟ ಅನುಭವಿಸುವುದು ಅದೇ ಲೈನಿನ ಪಕ್ಕದ ಮನೆಯ ಫ್ರಿಜ್ಜು, ಬಾವಿಯ ಮೋಟರು. ವೋಲ್ಟೇಜ್ ಇಳಿದಷ್ಟೂ ಮೋಟರು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ಕೊನೆಗೆ ಸುಡುತ್ತದೆ. ಕಾರು ಕೊಂಡವರು ಒಬ್ಬರು, ರಿವೈಂಡಿಂಗ್‌ಗೆ ದುಡ್ಡು ಕೊಡುವವರು ಇನ್ನೊಬ್ಬರು. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ಇದಕ್ಕೆ ಪರಿಹಾರ ನಮ್ಮವರಿಗೆ ಗೊತ್ತಿರುವುದೇ. ಒಂದೇ ಫೇಸಿನ ಮೇಲೆ ಬಿದ್ದ ಮನೆಗಳನ್ನು ಮೂರಕ್ಕೂ ಹಂಚಬೇಕು. ದೊಡ್ಡ ಟಿಸಿಯಿಂದ ಉದ್ದದ ಎಲ್‌ಟಿ ಲೈನ್ ಎಳೆಯುವ ಬದಲು 11 ಕೆವಿಯನ್ನೇ ಕೇರಿಯ ಹತ್ತಿರ ಒಯ್ದು ಸಣ್ಣ ಟಿಸಿ ಕೂರಿಸಬೇಕು. ಕಾಡು ಹಾಯುವ ಕಡೆ ಬರಿ ತಂತಿಯ ಬದಲು ಹೊದಿಕೆಯ ಕೇಬಲ್ ಹಾಕಬೇಕು. ಇವು ಖರ್ಚಿನ ಮಾತು. ಖರ್ಚಿಲ್ಲದ ಉಪಾಯ ಪಾಳಿ. 7 ಯೂನಿಟ್ ತುಂಬಲು 3.3 ಕಿಲೋವಾಟಿನಲ್ಲಿ ಎರಡು ತಾಸಿಗಿಂತ ಸ್ವಲ್ಪ ಹೆಚ್ಚು ಸಾಕು. ಗಾಡಿ ಬೆಳಗಿನವರೆಗೆ ಅಂಗಳದಲ್ಲೇ ನಿಂತಿರುತ್ತದೆ. ನಾಲ್ಕು ಕಾರುಗಳು ಏಳು ಗಂಟೆಗೆ ಒಟ್ಟಿಗೆ ಎಳೆದರೆ ಆ 25 ಕೆವಿಎ ಟಿಸಿಯ ಮೇಲೆ 13 ಕಿಲೋವಾಟ್ ಹೆಚ್ಚುತ್ತದೆ. ರಾತ್ರಿ ಹತ್ತರ ನಂತರ ಒಂದಾದ ಮೇಲೆ ಒಂದರಂತೆ ಎಳೆದರೆ ಅದೇ ಟಿಸಿ ನಾಲ್ಕನ್ನೂ ಸುಖವಾಗಿ ಹೊರುತ್ತದೆ. ದೀಪಕ್ಕೆ ಕಾಯಿ ಎನ್ನಲಾಗುವುದಿಲ್ಲ, ಮಿಕ್ಸಿಗೆ ಹೇಳಲಾಗುವುದಿಲ್ಲ. ಮನೆಯ ದೊಡ್ಡ ಲೋಡುಗಳಲ್ಲಿ ಯಾರಿಗೂ ತೊಂದರೆಯಾಗದಂತೆ ಇಷ್ಟು ಹೊತ್ತು ಕಾಯಬಲ್ಲದ್ದು ಇದೊಂದೇ. ಹೆಚ್ಚಿನ ಕಾರುಗಳಲ್ಲಿ ಸಮಯ ಹೊಂದಿಸುವ ಸೌಲಭ್ಯ ಇದೆ. ಅದನ್ನು ಗ್ರಾಹಕರಿಗೆ ತೋರಿಸಿಕೊಡುವ ಕೆಲಸ ಯಾರದ್ದೂ ಆಗಿಲ್ಲ.

ಇನ್ನು ಅರ್ಥಿಂಗ್. ಈ ಉಪನ್ಯಾಸದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಕಾರಿನ ಚಾರ್ಜರು ಕೆಲಸ ಶುರುಮಾಡುವ ಮೊದಲು ಅರ್ಥ್ ಇದೆಯೇ ಎಂದು ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಕೆಂಪು ದೀಪ ಹಚ್ಚಿ ಕೂರುತ್ತದೆ. ಹಳೆಯ ಮನೆಗಳಲ್ಲಿ ಅರ್ಥ್ ತಂತಿ ಹೆಸರಿಗಷ್ಟೇ ಇರುತ್ತದೆ. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅದರ ರೋಧ ಏರುತ್ತದೆ. ಆಗ ಯಾರೋ ಒಬ್ಬರು ಬಂದು ಸಾಕೆಟ್ಟಿನ ಒಳಗೆ ನ್ಯೂಟ್ರಲ್‌ಗೂ ಅರ್ಥಿಗೂ ಒಂದು ಸಣ್ಣ ತಂತಿ ಸೇರಿಸಿ ‘ಈಗ ಆತು ನೋಡಿ’ ಎನ್ನುತ್ತಾರೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. ಆಷಾಢದ ಗಾಳಿಗೆ ಮರದ ಟೊಂಗೆ ಬಿದ್ದು ಕಂಬದ ನ್ಯೂಟ್ರಲ್ ಕಡಿದುಹೋಯಿತು ಎನ್ನಿ. ನಮ್ಮಲ್ಲಿ ಇದು ಅಪರೂಪವಲ್ಲ. ಮನೆಯೊಳಗಿನ ದೀಪ, ಫ್ಯಾನುಗಳ ಮೂಲಕ ಫೇಸ್ ಆ ನ್ಯೂಟ್ರಲ್‌ಗೆ ಬರುತ್ತದೆ, ಆ ಸಣ್ಣ ತಂತಿಯ ಮೂಲಕ ಅರ್ಥಿಗೆ, ಅಲ್ಲಿಂದ ಕಾರಿನ ಮೈಗೆ. ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು ಬಾಗಿಲ ಹಿಡಿಕೆಗೆ ಕೈಹಾಕಿದವರ ಗತಿ ಏನು? ಚಾರ್ಜಿಂಗ್‌ಗೆ ಬೇರೆಯೇ ಅರ್ಥ್ ಗುಂಡಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ, 4 ಚದರ ಮಿಲಿಮೀಟರಿನ ತಾಮ್ರದ ತಂತಿ: ಈ ಮೂರು ಇಲ್ಲದೆ ಮನೆಯಲ್ಲಿ ಕಾರು ಚಾರ್ಜ್ ಮಾಡಕೂಡದು. ಪರವಾನಗಿ ಪಡೆದ ಗುತ್ತಿಗೆದಾರರು ಸಭೆಯಲ್ಲಿದ್ದರೆ ಕೈಮುಗಿದು ಕೇಳುತ್ತೇನೆ, ಆ ತುಂಡು ತಂತಿಯನ್ನು ಎಲ್ಲಿ ಕಂಡರೂ ಕಿತ್ತುಹಾಕಿ.

ಘಟ್ಟದ ವಿಷಯ ಎಲ್ಲರೂ ಕೇಳುತ್ತಾರೆ. ದೇವಿಮನೆ ಘಟ್ಟವಿರಲಿ, ಅರಬೈಲ್ ಇರಲಿ, ಸಿದ್ದಾಪುರದವರ ದೊಡ್ಮನೆ ಘಟ್ಟವಿರಲಿ, ಭೌತಶಾಸ್ತ್ರ ಒಂದೇ. ಜನ ಸೇರಿ 1,500 ಕಿಲೋ ತೂಗುವ ಕಾರು 500 ಮೀಟರ್ ಮೇಲೇರಲು ಬೇಕಾದ ಶಕ್ತಿ ಸುಮಾರು 2 ಯೂನಿಟ್. ಸಪಾಟು ರಸ್ತೆಯಲ್ಲಿ ಅದೇ ದೂರಕ್ಕೆ ತಗಲುವ ಖರ್ಚಿನ ಮೇಲೆ ಇದು ಹೆಚ್ಚುವರಿ. ಕುಮಟಾದಿಂದ ಹೊರಡುವಾಗ ‘ಇನ್ನು 80 ಕಿಲೋಮೀಟರ್ ಓಡುತ್ತದೆ’ ಎಂದು ಪರದೆ ತೋರಿಸಿದರೆ ಘಟ್ಟ ಹತ್ತುವಷ್ಟರಲ್ಲಿ ಆ ಅಂಕಿ ಸರ್ರನೆ ಇಳಿಯುತ್ತದೆ. ಗಾಬರಿ ಬೇಡ, ಮೇಲೆ ಬಂದ ಮೇಲೆ ಇಳಿಕೆ ನಿಲ್ಲುತ್ತದೆ. ಇಳಿಯುವಾಗ ಮೋಟರೇ ಜನರೇಟರ್ ಆಗಿ, ಆ 2 ಯೂನಿಟ್ಟಿನಲ್ಲಿ ಉರುಳುವ ಚಕ್ರ ಮತ್ತು ಗಾಳಿ ತಿಂದದ್ದನ್ನು ಕಳೆದು, ಸುಮಾರು ಒಂದು ಯೂನಿಟ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ರೇಕ್ ಲೈನರ್ ಕಾದ ವಾಸನೆ ಬರುವುದಿಲ್ಲ. ಆದರೆ ತುಂಬಿದ ಬ್ಯಾಟರಿಗೆ ಮತ್ತೆ ತುಂಬಲು ಜಾಗವಿರುವುದಿಲ್ಲ. ಶಿರಸಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ನೇರ ಘಟ್ಟ ಇಳಿದರೆ ಮೋಟರಿನ ಆ ಹಿಡಿತ ಕಡಿಮೆಯಾಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕರಾವಳಿಗೆ ಹೊರಟವರು 85–90ಕ್ಕೆ ನಿಲ್ಲಿಸುವುದು ಒಳ್ಳೆಯದು. ಇದನ್ನು ಕಾರು ಮಾರುವವರು ಹೇಳುವುದು ಕಡಿಮೆ.

ಹೆದ್ದಾರಿ ಬದಿಯ ಫಾಸ್ಟ್ ಚಾರ್ಜರು ಬೇರೆಯೇ ಜಾತಿ. ಮನೆಯಲ್ಲಿ ಎಸಿಯನ್ನು ಡಿಸಿ ಮಾಡುವುದು ಕಾರಿನೊಳಗಿನ ಸಣ್ಣ ಪೆಟ್ಟಿಗೆ. ಅಲ್ಲಿ ಆ ಕೆಲಸವನ್ನು ಹೊರಗಿನ ದೊಡ್ಡ ಯಂತ್ರ ಮಾಡಿ ನೇರ ಬ್ಯಾಟರಿಗೆ ಕೊಡುತ್ತದೆ. 60 ಕಿಲೋವಾಟಿನ ಒಂದು ಯಂತ್ರವೇ 100 ಕೆವಿಎ ಟಿಸಿಯ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಆದ್ದರಿಂದ ಅದಕ್ಕೆ ತನ್ನದೇ ಟಿಸಿ ಬೇಕು. ಮಳೆಗಾಲದಲ್ಲಿ ಜೋಗಕ್ಕೆ ಬರುವ ಪ್ರವಾಸಿಗರು, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಬರುವ ಜನ, ಇವರನ್ನು ಲೆಕ್ಕಕ್ಕೆ ಹಿಡಿದೇ ಜಾಗ ಆರಿಸಬೇಕು. ಬಸ್ಸಿನ ಕಥೆ ಇನ್ನೂ ದೊಡ್ಡದು. ಹತ್ತು ವಿದ್ಯುತ್ ಬಸ್ಸು 60 ಕಿಲೋವಾಟಿನಂತೆ ಒಟ್ಟಿಗೆ ನಿಂತರೆ 600 ಕಿಲೋವಾಟ್. ಘಟ್ಟ ಹತ್ತಿ ಇಳಿಯುವ ಬಸ್ಸಿಗೆ ಈ ತಂತ್ರ ಹೇಳಿಮಾಡಿಸಿದ್ದು ಎಂಬುದು ನನ್ನ ನಂಬಿಕೆ. ಆದರೆ ಡಿಪೋಕ್ಕೆ ಎಚ್‌ಟಿ ಸಂಪರ್ಕ ಮೊದಲು ಬರಬೇಕು, ಬಸ್ಸು ಆಮೇಲೆ.

ಹೊತ್ತಿನ ಬೆಲೆಯೂ ಬದಲಾಗಿದೆ. ಹಿಂದೆ ರಾತ್ರಿಯ ಕರೆಂಟು ಮಿಗುತ್ತಿತ್ತು. ಪಾವಗಡದಂಥ ಸೌರ ಪಾರ್ಕುಗಳು ಬಂದ ಮೇಲೆ ಹಗಲಿನದು ಮಿಗತೊಡಗಿದೆ. ಕೇಂದ್ರ ವಿದ್ಯುತ್ ಸಚಿವಾಲಯ 2024ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿಗೆ 1.3 ಪಟ್ಟು ದರ ಸೂಚಿಸಿದೆ. ಪೇಟೆಗೆ ಕೆಲಸಕ್ಕೆ ಬಂದವರ ಸ್ಕೂಟರು ಹಗಲಿಡೀ ಬ್ಯಾಂಕಿನ, ಸೊಸೈಟಿಯ, ಕಾಲೇಜಿನ ಮುಂದೆ ನಿಂತಿರುತ್ತದೆ. ಅಲ್ಲೊಂದು ಪ್ಲಗ್ ಸಾಲು ಹಾಕಿದರೆ ಹಳ್ಳಿಯ ತುದಿ ಲೈನಿನ ಭಾರ ಇಳಿಯುತ್ತದೆ.

ಮನೆಯವರಿಗೆ ಗೃಹಜ್ಯೋತಿಯ ಲೆಕ್ಕವೂ ಇದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 1,000 ಕಿಲೋಮೀಟರ್ ಓಡುವ ಕಾರು ಒಂದೇ 150ಕ್ಕೂ ಹೆಚ್ಚು ಯೂನಿಟ್ ಬೇಡುತ್ತದೆ. ವಾಹನಕ್ಕೆಂದು ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕನ್ನು 2024ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮ ಕೊಟ್ಟಿದೆ. ಪ್ರತ್ಯೇಕ ಮೀಟರ್ ಇದ್ದರೆ ಯಾವ ಟಿಸಿಯ ಮೇಲೆ ಎಷ್ಟು ಗಾಡಿ ಎಂಬುದೂ ಹೆಸ್ಕಾಂಗೆ ತಾನೇ ತಿಳಿಯುತ್ತದೆ.

ಹಳ್ಳದ ನೀರಿನಿಂದ ಕರೆಂಟು ಮಾಡಿಕೊಳ್ಳುವ ಮಲೆನಾಡಿನ ಮನೆಗಳ ಬಗ್ಗೆ ಹೇಳದೆ ಇರಲಾರೆ. ಒಂದು ಕಿಲೋವಾಟಿನ ಕಿರು ಜಲವಿದ್ಯುತ್ ಯಂತ್ರ ಮಳೆಗಾಲದಲ್ಲಿ ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 24 ಯೂನಿಟ್. ಮನೆ ಬಳಸುವುದು ಅದರ ಚಿಕ್ಕ ಪಾಲು. ಉಳಿದದ್ದನ್ನು ನಿಯಂತ್ರಕ ಪೆಟ್ಟಿಗೆ ಹೀಟರಿಗೆ ತಿರುಗಿಸಿ ಬಿಸಿ ಮಾಡಿ ಕಳೆಯುತ್ತದೆ, ಇಲ್ಲದಿದ್ದರೆ ಯಂತ್ರದ ವೇಗ ಹಿಡಿತ ತಪ್ಪುತ್ತದೆ. ಆ ವ್ಯರ್ಥ ಬಿಸಿಯ ಒಂದೇ ಯೂನಿಟ್ಟಿನಲ್ಲಿ ಸ್ಕೂಟರು ಪೇಟೆಗೆ ಹೋಗಿ ಬರುತ್ತದೆ. ಸೂರ್ಯ ಕಾಣದ ಆ ತಿಂಗಳುಗಳಲ್ಲೇ ಹಳ್ಳ ತುಂಬಿರುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಚಾವಣಿಯ ಸೌರಫಲಕ ಕೈಹಿಡಿಯುತ್ತದೆ. ಸ್ಕೂಟರ್ ಚಾರ್ಜರಿಗೆ ಒಪ್ಪುವಂಥ ನಿಯಂತ್ರಕವನ್ನು ನಮ್ಮ ಪಾಲಿಟೆಕ್ನಿಕ್ಕಿನ ಹುಡುಗರು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಆಸೆ.

ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ ಈ ಸೀಮೆಯ ತೋಟಗಾರರು ಅಣೆಕಟ್ಟಿನ ಲಾಭ-ನಷ್ಟವನ್ನು ಅಂಕಿಅಂಶದಲ್ಲೇ ಪ್ರಶ್ನಿಸಿದರು, ಯೋಜನೆ ನಿಂತಿತು. ಹಗಲಿನ ವಿದ್ಯುತ್ತನ್ನು ಕೂಡಿಡಲೆಂದು ಈಗ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿದೆ. ಹಗಲಿನಲ್ಲಿ 3 ಕಿಲೋವಾಟಿನಂತೆ ಚಾರ್ಜ್ ಆಗುವ ಒಂದು ಲಕ್ಷ ಕಾರುಗಳು 300 ಮೆಗಾವಾಟ್ ಹೀರಿಕೊಳ್ಳುತ್ತವೆ. ಆ ಯೋಜನೆಗೆ ಇದು ಸಾಟಿಯೆಂದು ನಾನು ಹೇಳಲಾರೆ. ಆದರೆ ಕಾಡು ಕಡಿಯುವ ಮೊದಲು ಈ ಲೆಕ್ಕವನ್ನೂ ಮೇಜಿನ ಮೇಲೆ ಇಡಲೇಬೇಕು.

ಕೊನೆಯದಾಗಿ ಸೆಕ್ಷನ್ ಆಫೀಸುಗಳಿಗೆ ಎರಡು ಕೋರಿಕೆ. ಕೆಎ-31ರಲ್ಲಿ ನೋಂದಣಿಯಾಗುವ ವಿದ್ಯುತ್ ವಾಹನಗಳ ಊರುವಾರು ಎಣಿಕೆ, ಮಾಲೀಕರ ಹೆಸರಿಲ್ಲದೆ, ಸಾರಿಗೆ ಕಚೇರಿಯಿಂದ ತಿಂಗಳಿಗೊಮ್ಮೆ ಹೆಸ್ಕಾಂಗೆ ಬರುವಂತೆ ಮಾಡಿ. ಯಾವ ಟಿಸಿ ತುಂಬುತ್ತಿದೆ ಎಂಬುದು ಅದು ಸುಡುವ ಮೊದಲೇ ತಿಳಿಯಲಿ. ಎರಡನೆಯದು, ಪ್ರತಿ ಟಿಸಿಯ ತುದಿಮನೆಯಲ್ಲಿ ಸಂಜೆ ಏಳಕ್ಕೆ ವೋಲ್ಟೇಜ್ ಅಳೆದು ಬರೆದಿಡಿ. ತೋಟದ ನೀರಾವರಿ ಬಿರುಸಾಗುವ ಮೊದಲು, ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ. 216ರ ಕೆಳಗಿರುವ ಮನೆಗಳ ಪಟ್ಟಿಯಿಂದಲೇ ಮುಂದಿನ ವರ್ಷದ ಕಾಮಗಾರಿ ಶುರುವಾಗಲಿ.