ಫೇಲಾದದ್ದು ಮಕ್ಕಳೋ, ವಿಧಾನಸೌಧವೋ?

(ಯುವ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಂತ್ರಿಗಳು ಒಂದು ಪಟ್ಟಿ ಓದುತ್ತಾರೆ. ಯಾವ ಜಿಲ್ಲೆ ಮೊದಲು, ಯಾವ ಜಿಲ್ಲೆ ಕೊನೆ. 2024ರಲ್ಲಿ ಉಡುಪಿ ಶೇ 94, ಯಾದಗಿರಿ ಶೇ 50.59. 2025ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಮಾರನೇ ದಿನ ಪತ್ರಿಕೆಗಳಲ್ಲಿ ಮೊದಲ ಜಿಲ್ಲೆಯವರು ಸಿಹಿ ಹಂಚುವ ಫೋಟೋ. ಕೊನೆಯ ಜಿಲ್ಲೆಯ ಹೆಡ್‌ಮಾಸ್ತರುಗಳಿಗೆ ನೋಟಿಸು.

ನಾನು ಕೇಳುವುದಿಷ್ಟೇ. ಉಡುಪಿಯ ತಾಯಂದಿರು ಬುದ್ಧಿವಂತರನ್ನೇ ಹೆರುತ್ತಾರೆ, ಕಲಬುರಗಿಯ ತಾಯಂದಿರು ದಡ್ಡರನ್ನೇ ಹೆರುತ್ತಾರೆ ಎಂದು ಈ ಸಭೆಯಲ್ಲಿ ಯಾರಾದರೂ ಎದೆ ಮುಟ್ಟಿ ಹೇಳುತ್ತೀರಾ? ಇಲ್ಲ ತಾನೆ. ಹಾಗಾದರೆ ಆ ಪರೀಕ್ಷೆ ಅಳೆದದ್ದು ಯಾರನ್ನು? 2002ರಲ್ಲೇ ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಹಿಡಿದು ಬರೆದುಕೊಟ್ಟಿತ್ತು. ಆ 39ರಲ್ಲಿ ಹೆಚ್ಚಿನವು ಗುಲ್ಬರ್ಗ ವಿಭಾಗದವು. ಆಮೇಲೆ ಸಂವಿಧಾನಕ್ಕೇ ತಿದ್ದುಪಡಿಯಾಗಿ 371(ಜೆ) ಬಂತು. ಕಾಯಂ ಗಣಿತದ ಮೇಷ್ಟ್ರು ಇಲ್ಲದ ಹಳ್ಳಿಯ ಹುಡುಗನಿಗೂ, ಶಾಲೆ ಬಿಟ್ಟೊಡನೆ ಟ್ಯೂಷನ್ನಿಗೆ ಹೋಗುವ ಹುಡುಗನಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಅದನ್ನು ಸಮಾನತೆ ಅನ್ನುತ್ತಾರೆ. ಸರ್ಕಾರ ಏನು ಕೊಟ್ಟಿಲ್ಲವೋ ಅದರ ಲೆಕ್ಕವನ್ನು ಮಗುವಿನ ಅಂಕಪಟ್ಟಿಯಲ್ಲಿ ಬರೆಯುವ ಕೆಲಸ ಇದು.

ಅಂಕಗಳಾದರೂ ನೆಟ್ಟಗಿವೆಯೇ? 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ನಕಲು ನಿಂತಿತು, ಫಲಿತಾಂಶ ಮುಗ್ಗರಿಸಿತು. ಮಾನ ಉಳಿಸಿಕೊಳ್ಳಲು ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅಷ್ಟೆಲ್ಲ ಮಾಡಿಯೂ ಬಂದದ್ದು ಶೇ 73.40. 2025ರಲ್ಲಿ ಆ ಕೃಪಾಂಕ ಕೈಬಿಟ್ಟರು, ಮೊದಲ ಪರೀಕ್ಷೆಯಲ್ಲಿ ಶೇ 62.34ಕ್ಕೆ ಇಳಿಯಿತು. ಎರಡು ವರ್ಷದಲ್ಲಿ ಕನ್ನಡನಾಡಿನ ಮಕ್ಕಳ ತಲೆಯಲ್ಲಿ ಏನಾಯಿತು? ಏನೂ ಆಗಲಿಲ್ಲ. ಬದಲಾದದ್ದು ಕ್ಯಾಮೆರಾ ಮತ್ತು ಕೃಪಾಂಕ. ಅಂದರೆ 83.89 ಎಂದು ಬೆನ್ನು ತಟ್ಟಿಕೊಂಡದ್ದೂ ಸುಳ್ಳು, ಮಕ್ಕಳು ಒಮ್ಮೆಲೇ ಕೆಟ್ಟುಹೋದರು ಎಂದು ಬೈದದ್ದೂ ಸುಳ್ಳು. ನಕಲು ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಕ್ಯಾಮೆರಾ ಹಾಕುವ ಮೊದಲು ಮೇಷ್ಟ್ರನ್ನು ಹಾಕಬೇಕಿತ್ತು, ಅಷ್ಟೇ.

ಇದೂ ಸಾಲದೆಂದು ಐದನೇ ಕ್ಲಾಸಿನ ಕೂಸುಗಳನ್ನೂ ಹಿಡಿದರು. 2022ರ ಡಿಸೆಂಬರಿನಲ್ಲಿ ಐದು, ಎಂಟಕ್ಕೆ ರಾಜ್ಯಮಟ್ಟದ ಪರೀಕ್ಷೆ ಎಂದು ಹಿಂದಿನ ಸರ್ಕಾರ ಆದೇಶ ಮಾಡಿತು. ಹೊಸ ಸರ್ಕಾರ ಬಂದು ಅದನ್ನು ಕೈಬಿಡುವುದಿರಲಿ, ಒಂಬತ್ತು, ಹನ್ನೊಂದನ್ನೂ ಸೇರಿಸಿತು. 2024ರ ಮಾರ್ಚ್ 6ಕ್ಕೆ ಹೈಕೋರ್ಟ್ ಏಕಸದಸ್ಯ ಪೀಠ ರದ್ದು ಮಾಡಿತು, ಮಾರನೇ ದಿನ ವಿಭಾಗೀಯ ಪೀಠ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು, ಸುಪ್ರೀಂ ಕೋರ್ಟ್ ತಡೆಯಿಂದ ನಡುವೆಯೇ ನಿಂತಿತು, 25ರಿಂದ ಮತ್ತೆ ನಡೆಯಿತು. ಬರೆದಾದ ಮೇಲೆ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ. ಹತ್ತು ವರ್ಷದ ಮಗು ಬೆಳಿಗ್ಗೆ ಎದ್ದು, 'ಅಪ್ಪಾ, ಇವತ್ತು ಪರೀಕ್ಷೆ ಐತಾ ಇಲ್ವಾ' ಎಂದು ಕೇಳಿದರೆ ಉತ್ತರ ಹೇಳಲು ದಿಲ್ಲಿಯ ಕಡೆ ನೋಡಬೇಕಾದ ಗತಿ!

2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಕಲಂ ಓದಿ. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ. 2019ರ ತಿದ್ದುಪಡಿ ಐದು, ಎಂಟಕ್ಕೆ ವಾರ್ಷಿಕ ಪರೀಕ್ಷೆಗೆ ದಾರಿ ಮಾಡಿತೇ ಹೊರತು ಈ ಕಲಂ ತೆಗೆಯಲಿಲ್ಲ. ಅದರ ಹಿಂದಿನ 29ನೇ ಕಲಂ ನಮ್ಮ ಹುಡುಗರು ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು, ಮಗುವನ್ನು ಭಯದಿಂದ ಬಿಡಿಸಬೇಕು, ವರ್ಷವಿಡೀ ಅದರ ತಿಳಿವಳಿಕೆಯನ್ನು ಗಮನಿಸಬೇಕು ಎಂದು ಬೆನ್ನಿಗೆ ಬೆನ್ನು ಹಚ್ಚಿ ಬರೆದಿದ್ದಾರೆ. ಮಾತೃಭಾಷೆಯ ಸಾಲಿಗೆ ನಾವು ಚಪ್ಪಾಳೆ ಹೊಡೆಯುತ್ತೇವೆ. ಪಕ್ಕದ ಎರಡು ಸಾಲು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿ ನಮ್ಮ ಬಗ್ಗೆಯೂ ಒಂದು ಮಾತು. ಗೋಕಾಕ್ ಚಳವಳಿಯನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಹೆಚ್ಚು ಅಂಕ ಸಿಗುತ್ತದೆಂದು ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಹಿಡಿದು, ಕನ್ನಡ ಬಿಟ್ಟು ಪಾಸಾಗುತ್ತಿದ್ದ ಕಾಲ. ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ ಎಂದಿತು ಗೋಕಾಕ್ ವರದಿ. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದರು, ನಾಡೇ ಎದ್ದಿತು. ಅದು ನ್ಯಾಯವಾದ ಹೋರಾಟ. ಆದರೆ ಅಂಕದ ಕೋಟೆಯೊಳಗೆ ಕನ್ನಡವನ್ನು ಕೂರಿಸಿ ಗೆದ್ದೆವೆಂದು ಮನೆಗೆ ಹೋದೆವು. ಇವತ್ತು ಪ್ರಥಮ ಭಾಷೆಗೆ 125. 'ಸಂಸ್ಕೃತ ತಗೊಂಡ್ರೆ 125ಕ್ಕೆ 125' ಎಂಬ ಲೆಕ್ಕಾಚಾರ ಇನ್ನೂ ನಿಂತಿಲ್ಲ. ಅಂಕಕ್ಕಾಗಿ ಬಂದವರು ಅಂಕಕ್ಕಾಗಿಯೇ ಹೋಗುತ್ತಾರೆ. ಕನ್ನಡದಲ್ಲಿ 125 ತೆಗೆದ ಹುಡುಗನ ಕೈಗೊಂದು ಕನ್ನಡ ಕಾದಂಬರಿ ಕೊಟ್ಟು ನೋಡಿ, ಹತ್ತು ಪುಟ ಓದಿದರೆ ನಮ್ಮ ಪುಣ್ಯ.

ಪರೀಕ್ಷೆಯೇ ಬೇಡವೆನ್ನುವವನು ನಾನಲ್ಲ. ಉತ್ತರಪತ್ರಿಕೆಯ ಮೇಲೆ ಜಾತಿ ಇರುವುದಿಲ್ಲ, ಬರೀ ನಂಬರು ಇರುತ್ತದೆ. ಕೇರಿಯ ಹುಡುಗಿಯೊಬ್ಬಳು ಗೌಡರ ಮಗನಿಗಿಂತ ಮೇಲೆ ಬರಬಹುದಾದ ಜಾಗ ನಮ್ಮ ಹಳ್ಳಿಗಳಲ್ಲಿ ಇನ್ನೆಷ್ಟಿವೆ? ಹತ್ತನೆಯದಕ್ಕೆ ಪರೀಕ್ಷೆ ಇರಲಿ. ಆದರೆ ಕಡಿಮೆ ಅಂಕ ತೋರಿಸಿ, ಮಕ್ಕಳು ಬರುತ್ತಿಲ್ಲವೆಂದು ಕನ್ನಡ ಶಾಲೆಗೆ ಬೀಗ ಹಾಕುವುದಕ್ಕೆ ಅದೇ ಅಂಕಪಟ್ಟಿ ಸಾಕ್ಷಿಯಾಗಬಾರದು.

ಕಡೆಯದಾಗಿ ನಮ್ಮ ಮನೆಯ ವಿಷಯ. ಪ್ರತಿವರ್ಷ ನಾವೂ ಪ್ರತಿಭಾ ಪುರಸ್ಕಾರ ಮಾಡುತ್ತೇವೆ. 125 ತೆಗೆದವರಿಗೆ ಶಾಲು, ಹಾರ, ಫಲಕ. ಈ ಸಲ ಆ ದುಡ್ಡಿನಲ್ಲಿ ಅರ್ಧ ಬಸ್ ಚಾರ್ಜಿಗೆ ಇಡಿ. ನಿಮ್ಮ ತಾಲ್ಲೂಕಿನಲ್ಲಿ ಪಟ್ಟಿಯ ಕೊನೆಗೆ ಬಂದ ಸರ್ಕಾರಿ ಪ್ರೌಢಶಾಲೆಗೆ ಇಬ್ಬಿಬ್ಬರು ಹೋಗಿ. ಕಾಯಂ ಮೇಷ್ಟ್ರು ಎಷ್ಟು ಜನ, ಗಣಿತ, ವಿಜ್ಞಾನಕ್ಕೆ ಯಾರಿದ್ದಾರೆ, ಅತಿಥಿ ಶಿಕ್ಷಕರು ಯಾವ ತಿಂಗಳಲ್ಲಿ ಬಂದರು, ಪಠ್ಯಪುಸ್ತಕ ಯಾವಾಗ ಕೈಸೇರಿತು, ಇಷ್ಟನ್ನು ಬರೆದುಕೊಳ್ಳಿ. ಯಾರೂ ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಬಿಇಓ ಕಚೇರಿಯಲ್ಲಿ ಅರ್ಜಿ ಹಾಕಿ. ಬಂದ ಉತ್ತರವನ್ನು ಫಲಿತಾಂಶದ ಪಟ್ಟಿಯ ಪಕ್ಕದಲ್ಲೇ ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಹೆಸರು ಕೊಡುವವರು ಬಾಗಿಲ ಬಳಿಯ ಮೇಜಿನ ಹತ್ತಿರ ಬನ್ನಿ, ಪುಸ್ತಕ ಇಟ್ಟಿದ್ದೇವೆ.