ದ್ರಾಕ್ಷಿತೋಟದಲ್ಲಿ ಉಳಿದವರು, ಬಿಟ್ಟುಹೋದವರು
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಸಂಭ್ರಮದಲ್ಲಿ ದೇವಾಲಯವನ್ನು ಕಟ್ಟಿದವರನ್ನು ಕುರಿತು ಮಾತನಾಡುವುದು ರೂಢಿ. ಅಸ್ತಿಭಾರವಿಟ್ಟ ಗುರುಗಳು, ನೆಲ ಕೊಟ್ಟ ದಾನಿಗಳು, ಇವರ ಸ್ಮರಣೆ ಯಥೋಚಿತವಾಗಿ ನಡೆದಿದೆ. ನಾವು ಇಂದು ಎತ್ತಿಕೊಂಡಿರುವುದು ನಮ್ಮಲ್ಲಿ ಸಂಬಳಕ್ಕೆ ದುಡಿಯುವವರ ವಿಷಯ: ಉಪಾಧ್ಯಾಯಿನಿಯರು, ದಾದಿಯರು, ಉಪದೇಶಿಗಳು, ಗುಮಾಸ್ತರು, ಗಂಟೆ ಬಾರಿಸುವವರು. ಲಾಭವನ್ನು ಬಯಸದ ನಮ್ಮಂಥ ಸಂಸ್ಥೆಗಳಲ್ಲಿ ಒಳ್ಳೆಯ ಕೆಲಸಗಾರರು ಏಕೆ ನಿಲ್ಲುವುದಿಲ್ಲ ಎಂದು ಕೇಳಿದರೆ, "ಈಗಿನವರಿಗೆ ಸೇವಾಮನೋಭಾವವಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರವನ್ನು ನಾವೂ ಬಹುಕಾಲ ಕೊಟ್ಟವರೇ.

ಬೇರೊಂದು ಊರಿನಲ್ಲಿ ನಾವು ಶಾಲೆಯ ಸಂಚಾಲಕರಾಗಿದ್ದಾಗ ನಡೆದ ಸಂಗತಿಯೊಂದನ್ನು ಅರಿಕೆ ಮಾಡಿಕೊಳ್ಳಬೇಕು. ಇಪ್ಪತ್ತಾರು ವರ್ಷ ಮಕ್ಕಳ ಮೂಗು ಒರೆಸಿ, ಕೊಠಡಿ ಗುಡಿಸಿದ ಆಯಾ ಒಬ್ಬರು ನಿವೃತ್ತರಾದರು. ಶಾಲು ಹೊದೆಸಿದೆವು, ಹಣ್ಣಿನ ತಟ್ಟೆ ಕೊಟ್ಟೆವು, ಅವರ ತ್ಯಾಗವನ್ನು ಹೊಗಳಿ ಅರ್ಧ ಗಂಟೆ ಮಾತನಾಡಿದೆವು. ಮೂರು ತಿಂಗಳ ಬಳಿಕ ಆ ತಾಯಿ ಗುರುನಿವಾಸದ ಬಾಗಿಲಿಗೆ ಬಂದು, "ಸ್ವಾಮೀ, ನನಗೆ ಬರಬೇಕಾದದ್ದು ಏನಾದರೂ ಇದೆಯೇ?" ಎಂದು ಕೇಳಿದರು. ದಾಖಲೆ ತೆಗೆಸಿ ನೋಡಿದೆವು. ಸಂಬಳದ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ಇಪ್ಪತ್ತಾರು ವರ್ಷವೂ ಅವರ ಕೂಲಿಯನ್ನು ಸೀಮೆಸುಣ್ಣ, ಪೊರಕೆಗಳ ಜೊತೆಗೆ "ಇತರೆ ಖರ್ಚು" ಎಂದು ಬರೆಯಲಾಗಿತ್ತು. ಕೊನೆಯ ಐದು ವರ್ಷಗಳ ಆ ಲೆಕ್ಕಕ್ಕೆ ನಮ್ಮದೇ ರುಜು. ನಮ್ಮ ಕೈಯಲ್ಲಿದ್ದಷ್ಟು ಹಣ ಕೊಟ್ಟು ಕಳುಹಿಸಿದೆವು. ಅದು ದಾನವಾಯಿತೇ ಹೊರತು ಅವರ ಹಕ್ಕು ಸಂದಾಯವಾಗಲಿಲ್ಲ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿಯೇ ನ್ಯಾಯವಾದ ಕೂಲಿಯ ಪ್ರಶ್ನೆಯನ್ನು ಲೋಕದ ಮುಂದಿಟ್ಟರು. ಆದರೆ ಅದನ್ನು ಗಿರಣಿಯ ಮಾಲೀಕರಿಗೆ ಬರೆದದ್ದೆಂದು ಓದಿ ಮುಚ್ಚಿಡುವುದು ನಮಗೆ ಸುಲಭ. 1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಆ ದಾರಿಯನ್ನು ಮುಚ್ಚಿತು: ನ್ಯಾಯವನ್ನು ಬೋಧಿಸುವವರು ಮೊದಲು ತಾವೇ ನ್ಯಾಯವಂತರೆಂದು ಜನರಿಗೆ ಕಾಣಬೇಕೆಂದು ಹೇಳಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1286ನೆಯ ಕಟ್ಟಳೆ, ನಮ್ಮ ಆಸ್ತಿಯನ್ನು ನಡೆಸುವವರು ನಾಡಿನ ಕಾರ್ಮಿಕ ಕಾಯಿದೆಗಳನ್ನು ಪಾಲಿಸಬೇಕು, ದುಡಿದವರಿಗೆ ಅವರ ಕುಟುಂಬದ ನಿರ್ವಾಹಕ್ಕೂ ಸಾಲುವಷ್ಟು ಕೊಡಬೇಕು ಎನ್ನುತ್ತದೆ. ಇದು ಉಪದೇಶವಲ್ಲ, ಕಟ್ಟಳೆ.

ನಾಡಿನ ಕಾಯಿದೆಯ ಕಥೆಯನ್ನೂ ಸ್ವಲ್ಪ ಕೇಳಿರಿ. ಐದು ವರ್ಷ ಸೇವೆ ಸಲ್ಲಿಸಿ ಬಿಡುವವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಗ್ರಾಚ್ಯುಯಿಟಿ ಕೊಡಬೇಕೆಂಬ ಕಾಯಿದೆ ಬಂದದ್ದು 1972ರಲ್ಲಿ. ಉಪಾಧ್ಯಾಯರು ಅದರ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ತೀರ್ಪಿತ್ತಿತು. ಸಂಸತ್ತು 2009ರಲ್ಲಿ ಕಾಯಿದೆಯನ್ನು ತಿದ್ದಿ, 1997ರಿಂದಲೇ ಅವರಿಗೂ ಅನ್ವಯಿಸಿತು. ಖಾಸಗಿ ಶಾಲೆಗಳು ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದವು. 2022ರಲ್ಲಿ ಆ ತಕರಾರು ಬಿದ್ದುಹೋಯಿತು. ಇಷ್ಟು ದೀರ್ಘ ವ್ಯಾಜ್ಯ ಪಾಠ ಹೇಳಿದವರಿಗೆ ಕೊಡಬೇಕಾದ ಹದಿನೈದು ದಿನದ ಸಂಬಳಕ್ಕಾಗಿ! ದಾದಿಯರ ಪಾಡೂ ಬೇರೆಯಲ್ಲ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ನೇಮಕವಾದ ಸಮಿತಿಯು 2016ರಲ್ಲಿ, ಐವತ್ತು ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಅದನ್ನು ಓದಿದಾಗ ನಮಗೆ ಮೊದಲು ಬಂದ ಯೋಚನೆ, "ಇಷ್ಟನ್ನು ಎಲ್ಲಿಂದ ತರುವುದು?" ಎಂಬುದು. ಅದಕ್ಕಿಂತ ಕಡಿಮೆಯಲ್ಲಿ ಅವರು ಹೇಗೆ ಬಾಳುತ್ತಿದ್ದರೆಂಬ ಯೋಚನೆ ತಡವಾಗಿ ಬಂದಿತು.

ಹಾಗಾದರೆ ಸಂಬಳ ಏರಿಸಿದರೆ ಎಲ್ಲರೂ ನಿಲ್ಲುವರೇ? ಇಲ್ಲ. ವಿಜ್ಞಾನ ಕಲಿಸುತ್ತಿದ್ದ ತರುಣಿಯೊಬ್ಬಳು ರಾಜೀನಾಮೆ ತಂದಾಗ, ಹಣ ಸಾಲದೇ ಎಂದು ಕೇಳಿದೆವು. "ಸ್ವಾಮಿಗಳೇ, ನಾಲ್ಕು ವರ್ಷದಲ್ಲಿ ನನ್ನ ತರಗತಿಗೆ ಯಾರಾದರೂ ಬಂದದ್ದು ತಪ್ಪು ಹುಡುಕಲು ಮಾತ್ರ. ಒಳ್ಳೆಯ ಪಾಠ ನಡೆದ ದಿನ ಯಾರೂ ಬರಲಿಲ್ಲ. ಹಬ್ಬದ ಲಾಟರಿ ಚೀಟಿ ಮಾರಲು ಮಾತ್ರ ಮರೆಯದೆ ಕರೆದಿರಿ" ಎಂದಳು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗಿನ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ 1959ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ: ಸಂಬಳ ಸಾಲದಿದ್ದರೆ ಮನುಷ್ಯ ಬೇಸರಪಡುತ್ತಾನೆ, ಆದರೆ ಸಂಬಳ ಒಂದರಿಂದಲೇ ಕೆಲಸದಲ್ಲಿ ಮನಸ್ಸು ನೆಡುವುದಿಲ್ಲ. ಮಾಡಿದ ಕೆಲಸಕ್ಕೆ ಮನ್ನಣೆ, ಜವಾಬ್ದಾರಿ, ಮುಂದೆ ಬೆಳೆಯುವ ಅವಕಾಶ ಬೇಕು. ಈ ಮಾತನ್ನು ಕಡಿಮೆ ಸಂಬಳಕ್ಕೆ ನೆಪ ಮಾಡಿಕೊಳ್ಳುವ ಚತುರರೂ ನಮ್ಮಲ್ಲಿ ಇದ್ದಾರೆ. ಅವರು ಅದರ ಮೊದಲರ್ಧವನ್ನು ಇನ್ನೊಮ್ಮೆ ಓದಲಿ.

ಗುರುಗಳಾದ ನಮಗೆ ಸಾಯುವವರೆಗೂ ಒಂದು ಸೂರು, ಒಂದು ತಟ್ಟೆ ಊಟ ತಪ್ಪುವುದಿಲ್ಲ. ಬಡತನದ ವ್ರತವೂ ಈ ಭದ್ರತೆಯ ಮೇಲೆ ನಿಂತಿದೆ. ಬಾಡಿಗೆ ಕಟ್ಟಿ, ಮಕ್ಕಳನ್ನು ಓದಿಸುವ ಗೃಹಸ್ಥನಿಂದ ಅದೇ ತ್ಯಾಗವನ್ನು ಕೇಳುವ ಅಧಿಕಾರ ನಮಗೆ ಯಾರು ಕೊಟ್ಟರು? ಇನ್ನೂ ಒಂದು ಮಾತು. ಕೆಲವು ವರ್ಷಗಳಿಗೊಮ್ಮೆ ನಮಗೆ ವರ್ಗವಾಗುತ್ತದೆ. ಹೊಸ ಗುರು, ಹೊಸ ಯೋಜನೆ, ಹೊಸ ಸಿಡುಕು, ಎಲ್ಲವನ್ನೂ ತಾಳಿಕೊಂಡು ಉಳಿಯುವವರು ಗುಮಾಸ್ತರೂ ಉಪದೇಶಿಗಳೂ. ಹಳೆಯ ಜ್ಞಾನಸ್ನಾನದ ದಾಖಲೆ ಯಾವ ಪೆಟ್ಟಿಗೆಯಲ್ಲಿದೆ, ಯಾವ ಮನೆಯವರು ಯಾವ ನೋವಿನಿಂದ ಪೂಜೆಗೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು. ಅಂಥವರೊಬ್ಬರು ಹೋದರೆ ಧರ್ಮಕೇಂದ್ರದ ನೆನಪೇ ಅವರೊಂದಿಗೆ ಹೋಗುತ್ತದೆ.

ಈ ಸ್ಮರಣ ಸಂಚಿಕೆಗಾಗಿ ಹಳೆಯ ಲೆಕ್ಕದ ಪುಸ್ತಕಗಳನ್ನು ತೆರೆದೆವು. ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳೆಲ್ಲ ದೊರೆತವು. ಗಂಟೆ ಬಾರಿಸಿದವರ ಹೆಸರು ಹುಡುಕಿದಾಗ, ಪುಟದಿಂದ ಪುಟಕ್ಕೆ "ಗಂಟೆಯವನಿಗೆ" ಎಂದಷ್ಟೇ ಇದೆ, ಮುಂದೆ ಮೊತ್ತ. ಗೋಪುರದ ಹೊಸ ಬಣ್ಣವನ್ನು ಒಂದು ವರ್ಷ ಮುಂದೂಡಿ, ಆ ಹಣವನ್ನು ನೌಕರರ ನಿವೃತ್ತಿ ನಿಧಿಗೆ ಮೂಲಧನವಾಗಿ ಇಡಬೇಕೆಂದು ಹಣಕಾಸು ಸಮಿತಿಯ ಮುಂದೆ ಕೋರಿಕೆ ಇಟ್ಟಿದ್ದೇವೆ. ಸಮಿತಿಯಲ್ಲಿ ಎಲ್ಲರಿಗೂ ಇದು ಒಪ್ಪಿಗೆಯಾಗಿಲ್ಲ. ಒಪ್ಪದವರೊಡನೆ ಮತ್ತೆ ಕುಳಿತು ಮಾತನಾಡುತ್ತೇವೆ. ಸಂಚಿಕೆಯ ಕೊನೆಯಲ್ಲಿ ಎರಡು ಪುಟಗಳನ್ನು ಖಾಲಿ ಬಿಡಿಸಿದ್ದೇವೆ. ಗಂಟೆ ಬಾರಿಸಿದವರು, ಅಂಗಳ ಗುಡಿಸಿದವರು, ಸಮಾಧಿ ತೋಡಿದವರು, ಇವರಲ್ಲಿ ಯಾರ ಹೆಸರು ನೆನಪಿದ್ದರೂ ಹಿರಿಯರು ದಯವಿಟ್ಟು ಭಾನುವಾರದ ಪೂಜೆಯ ನಂತರ ಕಚೇರಿಗೆ ಬಂದು ಬರೆಸಿರಿ.