ನಿಮ್ಮ ವೆಬ್‌ಸೈಟಿನ ಕೆಳಗ ಕನ್ನಡ ಐತೇನು?

(ಜತ್ತ ತಾಲ್ಲೂಕಿನ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಆಡಿದ ಮಾತು. ಓದಲು ಅನುಕೂಲವಾಗುವಂತೆ ಬರೆದುಕೊಟ್ಟಿದ್ದು.)



ಇವತ್ತು ನಾನು ಕನ್ನಡ ಶಾಲೆ ಬಗ್ಗೆ, ನೀರಿನ ಬಗ್ಗೆ, ಗಡಿ ಬಗ್ಗೆ ಮಾತಾಡೋದಿಲ್ಲ. ಅವನ್ನ ನನಗಿಂತ ಚೊಲೋ ಬಲ್ಲವರು ಇಲ್ಲೇ ಭಾಳ ಮಂದಿ ಇದ್ದೀರಿ. ನಾನು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ್ಯಾಗ ಕುಂತವ. ನನಗೆ ಗೊತ್ತಿರೋದು ಲೆಕ್ಕದ ಮಾತು. ನಿಮ್ಮ ಸಣ್ಣ ಉದ್ಯೋಗದ ವೆಬ್‌ಸೈಟಿಗೆ ಪ್ರೈವಸಿ ಪಾಲಿಸಿ, ಅಂದ್ರ ಗೌಪ್ಯತಾ ನೀತಿ ಬರೆಯೋದು ಹೆಂಗ, ಅದನ್ನ ಕನ್ನಡದಾಗ ಯಾಕ ಬರೀಬೇಕು ಅನ್ನೋದಷ್ಟೇ ಇವತ್ತಿನ ವಿಷಯ.

"ಇದಕ್ಕೂ ಕನ್ನಡ ಹೋರಾಟಕ್ಕೂ ಏನು ಸಂಬಂಧ ಅಣ್ಣಾ?" ಅಂತ ಕೇಳ್ತೀರಿ. ಸಂಬಂಧ ಐತಿ, ಹೇಳ್ತೀನಿ.

ನಮ್ಮ ಹುಡುಗರು ಇವತ್ತು ಏನೇನು ಉದ್ಯೋಗ ಮಾಡ್ತಾರ ನೋಡ್ರಿ. ಉಮದಿ, ಸಂಖ, ಮಾಡಗ್ಯಾಳ ಕಡೆ ಆನ್‌ಲೈನ್ ಫಾರ್ಮ್ ತುಂಬೋ ಅಂಗಡಿ, ಝೆರಾಕ್ಸ್ ಅಂಗಡಿ ಇಟ್ಟವರಿದ್ದಾರೆ. ಗುಡ್ಡಾಪುರ ದಾನಮ್ಮನ ದರ್ಶನಕ್ಕೆ ಬರೋ ಮಂದಿಗೆ ಗಾಡಿ, ರೂಮು ಬುಕ್ ಮಾಡಿಕೊಡೋರು ಇದ್ದಾರೆ. ಟ್ಯೂಷನ್ ನಡೆಸೋರು, ಫೋಟೊ ಸ್ಟುಡಿಯೋದವರು, ಮೋಟರ್ ಪಂಪ್ ರಿಪೇರಿಯವರು ಇದ್ದಾರೆ. ಇವರಾಗ ಎಷ್ಟೋ ಮಂದಿ ಪುಕ್ಕಟೆ ವೆಬ್‌ಸೈಟ್ ಮಾಡಿಕೊಂಡಿದ್ದಾರೆ, ಇಲ್ಲಾ ಒಂದು ಗೂಗಲ್ ಫಾರ್ಮ್ ಇಟ್ಟುಕೊಂಡಿದ್ದಾರೆ. ಒಳ್ಳೇದೇ. ಆದ್ರ ಆ ವೆಬ್‌ಸೈಟಿನ ತಳಕ್ಕೆ ಹೋಗಿ ಪ್ರೈವಸಿ ಪಾಲಿಸಿ ಒತ್ತಿದ್ರ ಏನು ಬರ್ತದ? ಯಾವುದೋ ಅಮೆರಿಕದ ಕಂಪನಿಯದನ್ನ ಎತ್ತಿ ಅಂಟಿಸಿದ ನಾಕು ಪುಟ ಇಂಗ್ಲಿಷ್. ಅದರಾಗ ಕ್ಯಾಲಿಫೋರ್ನಿಯಾದ ಕಾನೂನು ಇರ್ತದ, ನಮ್ಮ ಬಾಲಗಾಂವಿನ ಗಿರಾಕಿಗೆ ಬೇಕಾದ ಒಂದು ಮಾತೂ ಇರೋದಿಲ್ಲ. ಅಂಗಡಿ ಮಾಲೀಕನೇ ಅದನ್ನ ಓದಿರೋದಿಲ್ಲ.

ಅದು ಬರೀ ಅಲಂಕಾರ ಅಲ್ಲ ಅನ್ನೋದನ್ನ ಮೊದಲು ತಿಳ್ಕೋರಿ. ಅಲ್ಲಿ ಬರೆದದ್ದು ನೀವು ಗಿರಾಕಿಗೆ ಕೊಟ್ಟ ಮಾತು. ಮಾಡದ ಕೆಲಸವನ್ನ ಮಾಡ್ತೀವಿ ಅಂತ ಬರೆದಿಟ್ಟರೆ ನಾಳೆ ತಕರಾರು ಬಂದಾಗ ಅದೇ ಕಾಗದ ನಿಮ್ಮ ವಿರುದ್ಧ ನಿಲ್ತದ.

ಇನ್ನ ಲೆಕ್ಕದ ಮಾತಿಗೆ ಬರೋಣ. ಗಿರಾಕಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಆ ರೊಕ್ಕ ಬ್ಯಾಂಕಿನ ಅಢಾವೆ ಪತ್ರಿಕೆಯಲ್ಲಿ ಯಾವ ಕಡೆ ಬರ್ತದ? ಕಾಮರ್ಸ್ ಓದಿದವರಿಗೆ ಗೊತ್ತು, ಹೊಣೆಗಾರಿಕೆ ಕಡೆ. ಯಾಕಂದ್ರ ರೊಕ್ಕ ಬ್ಯಾಂಕಿನಲ್ಲಿದ್ದರೂ ಬ್ಯಾಂಕಿನದಲ್ಲ, ಕೇಳಿದಾಗ ಕೊಡಬೇಕು. ಗಿರಾಕಿಯ ಆಧಾರ್ ಪ್ರತಿ, ಮೊಬೈಲ್ ನಂಬರು, ಪಾಸ್‌ಬುಕ್ಕಿನ ಫೋಟೊ, ಹೊಲದ ಉತಾರ ಇವೂ ಹಂಗೇ. ನಿಮ್ಮ ಕಂಪ್ಯೂಟರಿನ್ಯಾಗ ಇದ್ರೂ ಅವು ನಿಮ್ಮವಲ್ಲ. ಹೊಸ ಕಾನೂನು ನಿಮ್ಮನ್ನ ಕರೆಯೋ ಹೆಸರೇ 'ಡೇಟಾ ಫಿಡ್ಯೂಷಿಯರಿ', ಅಂದ್ರ ಬೇರೆಯವರದನ್ನ ನಂಬಿಕೆ ಮ್ಯಾಲೆ ಇಟ್ಟುಕೊಂಡವ. ಗೌಪ್ಯತಾ ನೀತಿ ಅಂದ್ರ ಆ ಠೇವಣಿಯ ಪಾಸ್‌ಬುಕ್ ಅಂತ ತಿಳ್ಕೋರಿ. ಏನು ತಗೊಂಡೆ, ಯಾಕ ತಗೊಂಡೆ, ಎಲ್ಲಿಟ್ಟೆ, ಯಾರಿಗೆ ಕೊಟ್ಟೆ, ಯಾವಾಗ ಅಳಿಸ್ತೀನಿ ಅನ್ನೋ ಲೆಕ್ಕ.

ಇನ್ನು ಕಾನೂನು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಗೆ ಹೆಸರು ಬಂದಿದ್ದು ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅದಕ್ಕೂ ಮೊದಲೇ, ಮಾಹಿತಿ ತಂತ್ರಜ್ಞಾನ ಕಾಯ್ದೆ ಅಡಿ 2011ರಲ್ಲಿ ಬಂದ ನಿಯಮಗಳು ಜನರ ಮಾಹಿತಿ ಪಡೆಯೋ ಉದ್ಯಮಗಳು ವೆಬ್‌ಸೈಟಿನಲ್ಲಿ ಗೌಪ್ಯತಾ ನೀತಿ ಹಾಕಬೇಕು ಅಂತ ಹೇಳಿದ್ದವು. ಆ ಕಾಯ್ದೆಯಲ್ಲಿ ಒಬ್ಬನೇ ಮಾಲೀಕನಿರೋ ಅಂಗಡಿಯೂ ಸೇರ್ತದ. ಆಮೇಲೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ನಮ್ಮಂಥವರಿಗೆ ತಾಗೋ ಮುಖ್ಯ ಕಟ್ಟಳೆಗಳಿಗೆ ಆಗ ಹಾಕಿದ ಗಡುವು 18 ತಿಂಗಳು, ಅಂದ್ರ 2027ರ ಮೇ.

ಈಗ ಕನ್ನಡದ ಮಾತು. ಆ ಕಾಯ್ದೆಯ 5 ಮತ್ತು 6ನೇ ಕಲಂ ಓದ್ರಿ. ಮಾಹಿತಿ ಕೇಳೋ ಮೊದಲು ಕೊಡೋ ಸೂಚನೆಯನ್ನೂ, ಒಪ್ಪಿಗೆ ಕೇಳೋ ಮಾತನ್ನೂ ಇಂಗ್ಲಿಷಿನಲ್ಲಾಗಲಿ, ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದಿಕೊಳ್ಳೋ ಆಯ್ಕೆಯನ್ನ ಗಿರಾಕಿಗೆ ಕೊಡಲೇಬೇಕು ಅಂತ ಅಲ್ಲಿ ಐತಿ. 8ನೇ ಅನುಸೂಚಿಯಲ್ಲಿ ಈಗ 22 ಭಾಷೆ ಅವ. ಕನ್ನಡ 1950ರಿಂದಲೂ ಅಲ್ಲಿದೆ. 'ಯಾವ ರಾಜ್ಯದಲ್ಲಿ ಇದ್ದೀಯಪ್ಪಾ?' ಅಂತ ಈ ಕಲಂ ಕೇಳೋದಿಲ್ಲ. ವಿಜಯಪುರದವನಿಗೆ ಇರೋ ಆಯ್ಕೆನೇ ಜತ್ತದವನಿಗೂ ಐತಿ.

ನಾವು ಮನವಿ ಪತ್ರದಾಗ ಯಾವಾಗಲೂ ಬರೆಯೋದು 350ಎ, 350ಬಿ ವಿಧಿ. 1956ರ ತಿದ್ದುಪಡಿಯಿಂದ ಬಂದವು. ಅವು ಬೇಕೇ ಬೇಕು, ಬಿಡೋ ಮಾತಿಲ್ಲ. ಆದ್ರ 350ಎ ವಿಧಿಯಲ್ಲಿ ಇರೋ ಮಾತು, ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯ 'ಪ್ರಯತ್ನಿಸಬೇಕು' ಅಂತ. ಇಲ್ಲಿ ಇರೋದು ಆಯ್ಕೆ 'ಕೊಡಬೇಕು' ಅಂತ. ಬ್ಯಾಂಕಿನ ಫಾರ್ಮು ನಮ್ಮ ಕಡೆ ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ ಬರ್ತಾವ. ಕನ್ನಡ ಬಿಟ್ಟು ಬೇರೆ ಬಾರದ ಅಮ್ಮ ಹೆಬ್ಬೆಟ್ಟು ಒತ್ತಿ ಹೋಗ್ತಾಳ. ಯಾವುದಕ್ಕೆ ಒತ್ತಿದೆ ಅಂತ ಆಕೆಗೆ ಗೊತ್ತಿರೋದಿಲ್ಲ. ತಿಳೀದ ಭಾಷೆಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆನೇ ಅಲ್ಲ. ನಾಳೆ ದೊಡ್ಡ ಕಂಪನಿ, ಬ್ಯಾಂಕು, ಆ್ಯಪ್‌ಗಳ ಮುಂದ ನಿಂತು 'ಕನ್ನಡದಾಗ ಸೂಚನೆ ಕೊಡ್ರಿ' ಅಂತ ನಾವು ಕೇಳ್ಬೇಕಾದ್ರ, ಮೊದಲು ನಮ್ಮ ಸ್ವಂತ ಅಂಗಡಿಯ ವೆಬ್‌ಸೈಟಿನಲ್ಲಿ ಅದು ಇರಬೇಕಲ್ಲ?

ಸರಿ, ಬರೆಯೋದು ಹೆಂಗ? ಕಂಪ್ಯೂಟರ್ ಮುಂದ ಕೂಡಬ್ಯಾಡ್ರಿ. ಒಂದು ನೋಟ್‌ಬುಕ್ ತಗೊಂಡು ಐದು ಕಲಂ ಗೆರೆ ಹಾಕ್ರಿ: ಏನು, ಯಾಕ, ಎಲ್ಲಿ, ಯಾರಿಗೆ, ಎಂದಿನ ತನಕ. ಒಂದು ದಿನದ ಕೆಲಸವನ್ನ ಹಂಗೇ ಬರೀರಿ.

ಆನ್‌ಲೈನ್ ಅಂಗಡಿಯ ಉದಾಹರಣೆ ತಗೋಳೋಣ. ಒಬ್ಬ ರೈತ ಬಂದ. ಆಧಾರ್, ಪಾಸ್‌ಬುಕ್, ಉತಾರ ಕೊಟ್ಟ. ನೀವು ನಿಮ್ಮ ವಾಟ್ಸಾಪಿಗೆ ಕಳಿಸಿಕೊಂಡಿರಿ. ಅಲ್ಲಿಂದ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿಗೆ ಬಂತು. ಸರ್ಕಾರಿ ಪೋರ್ಟಲ್‌ಗೆ ಏರಿಸಿದಿರಿ. ಓಟಿಪಿ ಅವನ ಮೊಬೈಲಿಗೆ ಬಂತು, ನೀವು ಕೇಳಿ ಹಾಕಿದಿರಿ. ಕೆಲಸ ಮುಗೀತು, ಅವ ಹೋದ. ಆದ್ರ ಆಧಾರ್ ಎಷ್ಟು ಕಡೆ ಉಳೀತು? ನಿಮ್ಮ ಮೊಬೈಲ್ ಗ್ಯಾಲರಿ, ವಾಟ್ಸಾಪ್, ಡೌನ್‌ಲೋಡ್ಸ್, ಮತ್ತ ಗೂಗಲ್ ಫೋಟೋಸ್‌ಗೆ ತಾನಾಗಿ ಏರೋ ಬ್ಯಾಕಪ್. ನಾಕು ಕಡೆ! ಅಂಗಡಿಯ ಹುಡುಗನ ಫೋನಿಗೂ ಹೋಗಿದ್ರ ಐದು. ಆಧಾರ್, ಪಾಸ್‌ಬುಕ್ಕಿನ ಪ್ರತಿ ಕಳ್ಳರ ಕೈಗೆ ಸಿಕ್ಕರೆ ಬೇರೆಯವರ ಹೆಸರಿನಲ್ಲಿ ಸಿಮ್ ತಗೊಳ್ಳಾಕ, ಬ್ಯಾಂಕಿನಿಂದ ಮಾತಾಡ್ತೀವಿ ಅಂತ ಫೋನ್ ಮಾಡಿ ನಂಬಿಸಾಕ ಅದೇ ಬಂಡವಾಳ.

ಹಂಗಾಗಿ ನೀತಿ ಬರೆಯೋ ಮೊದಲು ಪದ್ಧತಿ ಸರಿಮಾಡ್ಕೋರಿ. ಆಧಾರ್ ನಂಬರ್ ಪೂರಾ ಬೇಡವಾದಲ್ಲಿ ಮಾಸ್ಕ್ ಮಾಡಿದ ಆಧಾರ್ ತಗೋರಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣ್ತಾವ. ರೂಮ್ ಬುಕಿಂಗಿಗೆ ಜನ್ಮ ದಿನಾಂಕ ಬೇಕಿಲ್ಲದಿದ್ದರೆ ಫಾರ್ಮಿನಿಂದ ತೆಗೀರಿ. ಓಟಿಪಿ, ಪಿನ್ ಎಲ್ಲೂ ಬರೆದಿಡಬ್ಯಾಡ್ರಿ. ಗೂಗಲ್ ಫಾರ್ಮಿನ ಉತ್ತರಗಳ ಶೀಟನ್ನ 'ಲಿಂಕ್ ಇದ್ದವರೆಲ್ಲಾ ನೋಡಬಹುದು' ಅಂತ ಇಟ್ಟಿದ್ರ ಇವತ್ತೇ ಮುಚ್ರಿ.

ಟ್ಯೂಷನ್‌ನವರಿಗೆ ಒಂದು ಮಾತು. 18 ವರ್ಷ ತುಂಬದವರು ಈ ಕಾಯ್ದೆಯ ಲೆಕ್ಕದಲ್ಲಿ ಮಕ್ಕಳು. ಅವರ ಮಾಹಿತಿಗೆ ತಂದೆತಾಯಿಯ ಖಾತ್ರಿಯಾದ ಒಪ್ಪಿಗೆ ಬೇಕು. ಹತ್ತನೇ ತರಗತಿ ರಿಸಲ್ಟ್ ಬಂದ ದಿನ ಹುಡುಗಿಯ ಫೋಟೊ, ಅಂಕ, ಊರು ಎಲ್ಲಾ ಹಾಕಿ ಜಾಹೀರಾತು ಮಾಡೋ ಮೊದಲು ಮನೆಯವರನ್ನ ಕೇಳ್ರಿ.

ಈಗ ಬರವಣಿಗೆ. ಒಂದು ಪುಟ ಸಾಕು. ಮಾದರಿಗೆ ಹಿಂಗ ಬರೀಬಹುದು:

"ನಿಮ್ಮ ಅರ್ಜಿ ತುಂಬಲು ನಾವು ನಿಮ್ಮ ಹೆಸರು, ಮೊಬೈಲ್ ನಂಬರು, ವಿಳಾಸ ಮತ್ತು ಆ ಅರ್ಜಿಗೆ ಬೇಕಾದ ಕಾಗದಪತ್ರ ಮಾತ್ರ ಪಡೆಯುತ್ತೇವೆ. ಇವನ್ನು ನೀವು ಹೇಳಿದ ಅರ್ಜಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ. ಯಾರಿಗೂ ಮಾರುವುದಿಲ್ಲ. ಅರ್ಜಿ ಸಲ್ಲಿಸುವ ಸರ್ಕಾರಿ ಪೋರ್ಟಲ್‌ಗೆ ಮಾತ್ರ ಕೊಡುತ್ತೇವೆ. ನಿಮ್ಮ ಕಾಗದ ನಮ್ಮ ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ, ಪಾಸ್‌ವರ್ಡ್ ಹಾಕಿ ಇರುತ್ತದೆ. ಕೆಲಸ ಮುಗಿದು 15 ದಿನದ ನಂತರ ಅಳಿಸುತ್ತೇವೆ. ಕಾನೂನಿನ ಪ್ರಕಾರ ಇಡಲೇಬೇಕಾದ್ದನ್ನು ಆ ಅವಧಿಯವರೆಗೆ ಮಾತ್ರ ಇಡುತ್ತೇವೆ. ನಿಮ್ಮ ಮಾಹಿತಿ ಏನಿದೆ ಎಂದು ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು, ಒಪ್ಪಿಗೆ ವಾಪಸ್ ಪಡೆಯಬಹುದು, ಅಳಿಸಲು ಹೇಳಬಹುದು. ಇದಕ್ಕೆ ಅಂಗಡಿಗೆ ಬನ್ನಿ ಅಥವಾ ಈ ನಂಬರಿಗೆ ಫೋನ್ ಮಾಡಿ. ನಮ್ಮ ಉತ್ತರ ಸರಿಯೆನಿಸದಿದ್ದರೆ ಭಾರತದ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡುವ ಹಕ್ಕು ನಿಮಗಿದೆ. ಮಾಹಿತಿ ಸೋರಿಕೆಯಾದರೆ ತಡಮಾಡದೆ ನಿಮಗೆ ತಿಳಿಸುತ್ತೇವೆ."

ಕೆಳಗ ಜವಾಬ್ದಾರ ವ್ಯಕ್ತಿಯ ಹೆಸರು, ನಂಬರು, ಬರೆದ ತಾರೀಖು ಹಾಕ್ರಿ. ಇದನ್ನೂ ಕಣ್ಣು ಮುಚ್ಚಿ ನಕಲು ಹೊಡೀಬ್ಯಾಡ್ರಿ ಮತ್ತ! 15 ದಿನಕ್ಕೆ ಅಳಿಸೋದು ಆಗೋದಿಲ್ಲ ಅಂದ್ರ ಎಷ್ಟು ದಿನಕ್ಕೆ ಆಗ್ತದೋ ಅಷ್ಟೇ ಬರೀರಿ. ಹೊಸ ನಿಯಮದಲ್ಲಿ ಕೆಲವು ಮಾಹಿತಿ, ಲಾಗ್‌ಗಳನ್ನ ಕನಿಷ್ಠ ಒಂದು ವರ್ಷ ಇಡಬೇಕು ಅನ್ನೋ ಕಟ್ಟಳೆಯೂ ಐತಿ. ಗಡುವು ಬರೋದ್ರೊಳಗ ವಕೀಲರನ್ನೋ ಬಲ್ಲವರನ್ನೋ ಕೇಳಿ ಆ ಸಾಲನ್ನ ತಿದ್ದಿಕೊಳ್ರಿ.

ಇನ್ನೊಂದು, ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರಬೇಕು ಅಂತ ಕಾಯ್ದೆ ಹೇಳ್ತದ. ಒಂದು ಟಿಕ್ ಹಾಕಿಸಿ ಒಪ್ಪಿಗೆ ತಗೊಂಡು, ತೆಗೆಸಾಕ ಸಾಂಗಲಿಗೆ ಬಾ ಅಂದ್ರ ನಡೆಯೋದಿಲ್ಲ.

ನೀವು ಕೇಳಬಹುದಾದ ಮೂರು ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡ್ತೀನಿ.

'ನಾವು ಸಣ್ಣವರು, ನಮ್ಮನ್ನ ಯಾರು ಕೇಳ್ತಾರ?' ಕಾಯ್ದೆಯಲ್ಲಿ ಭದ್ರತೆಯ ಲೋಪಕ್ಕೆ ದಂಡ ಗರಿಷ್ಠ 250 ಕೋಟಿ ರೂಪಾಯಿವರೆಗೆ ಐತಿ. ಅದು ಮೇಲಿನ ಮಿತಿ. ಲೋಪ ಎಷ್ಟು ದೊಡ್ಡದು ಅಂತ ನೋಡಿ ದಂಡ ಹಾಕ್ತಾರ. ಆ ಅಂಕಿ ಹೇಳಿ ನಿಮ್ಮನ್ನ ಹೆದರಿಸೋದಿಲ್ಲ. ಆದ್ರ ಹಳ್ಳಿಯಲ್ಲಿ 'ಅವನ ಅಂಗಡಿಯಾಗ ಕಾಗದ ಕೊಟ್ಟ ಮ್ಯಾಲೆ ನನ್ನ ಖಾತೆ ಖಾಲಿ ಆತು' ಅಂತ ಒಂದು ಸುದ್ದಿ ಎದ್ದರೆ ಸಾಕು, ದಂಡ ಬೇಕಾಗೋದಿಲ್ಲ.

'ಮರಾಠಿ ಗಿರಾಕಿ ಬಂದ್ರ?' ಮರಾಠಿಯೂ ಅದೇ ಅನುಸೂಚಿಯಲ್ಲಿ ಐತಿ. ಎರಡೂ ಭಾಷೆಯಲ್ಲಿ ಹಾಕ್ರಿ. ನಮಗೆ ಏನು ಬೇಕು ಅಂತ ಕೇಳ್ತೀವೋ ಅದನ್ನ ಬೇರೆಯವರಿಗೂ ಕೊಡ್ಬೇಕು. ನಮ್ಮ ಅಂಗಡಿಯಲ್ಲಿ ಎರಡೂ ಭಾಷೆಗೆ ಜಾಗ ಐತಿ ಅಂತ ಎಲ್ಲರಿಗೂ ಕಾಣಲಿ.

'ನಮ್ಮ ಮಂದಿ ಓದೋದಿಲ್ಲಲ್ಲ?' ಓದದವರಿಗೆ ಹೇಳ್ರಿ. ಅದೇ ಪುಟವನ್ನ ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ವೆಬ್‌ಸೈಟಿಗೆ ಹಾಕ್ರಿ, ವಾಟ್ಸಾಪಿನಲ್ಲಿ ಕಳಿಸ್ರಿ. ಬರೆದದ್ದು ಸರಳ ಐತೋ ಇಲ್ಲೋ ಅಂತ ತಿಳಿಯಾಕ ಒಂದು ಪರೀಕ್ಷೆ ಐತಿ: ನಿಮ್ಮ ಅವ್ವನ ಮುಂದ ಓದ್ರಿ. 'ಹಂಗಂದ್ರ ಏನೋ?' ಅಂತ ಆಕೆ ಎಲ್ಲಿ ತಡೀತಾಳೋ ಆ ಸಾಲನ್ನ ಮತ್ತ ಬರೀರಿ.

ಈ ವಾರದ ಕೆಲಸ ಇಷ್ಟೇ. ಮೊದಲು ಐದು ಕಲಮಿನ ನೋಟ್‌ಬುಕ್. ಆಮೇಲೆ ಮೊಬೈಲು, ಡೌನ್‌ಲೋಡ್ಸ್ ಸ್ವಚ್ಛ ಮಾಡೋದು. ಕೊನೆಗೆ ಕನ್ನಡದಾಗ ಒಂದು ಪುಟ. ಬರೆದವರು ಈ ಪೇಜಿಗೆ ಕಳಿಸ್ರಿ, ಕೂಡಿ ತಿದ್ದೋಣ. ಯಾರಿಗಾದ್ರೂ ಆನ್‌ಲೈನ್ ಮೋಸ ಆಗಿ ರೊಕ್ಕ ಹೋದ್ರ ತಡಮಾಡದೆ 1930ಕ್ಕೆ ಫೋನ್ ಮಾಡ್ಬೇಕು ಅಂತ ಅಂಗಡಿ ಗೋಡೆ ಮ್ಯಾಲೂ ಬರೆದು ಅಂಟಿಸ್ರಿ, ಅದನ್ನೂ ಕನ್ನಡದಾಗ.

  ಜೈ ಕನ್ನಡ.